ಆಸ್ಪತ್ರೆಯಿಂದ ಮರಳಿದ ಮಗುವೂ ನಮ್ಮ ಹೊಣೆ

ಮಗುವೊಂದಕ್ಕೆ ಕ್ಯಾನ್ಸರ್ ಎಂಬ ಸುದ್ದಿ ಹಬ್ಬಿದೊಡನೆ ನಮ್ಮ ಧರ್ಮಕೇಂದ್ರಗಳಲ್ಲಿ ಮರುಕ ಉಕ್ಕುತ್ತದೆ. ದಿವ್ಯಬಲಿಪೂಜೆಯಲ್ಲಿ ಪ್ರಾರ್ಥನೆ ಸಲ್ಲುತ್ತದೆ, ವಂತಿಗೆ ಕೂಡುತ್ತದೆ, ಮನೆಗೆ ಜನ ಬರುತ್ತಾರೆ. ಇವೆಲ್ಲ ಸ್ತುತ್ಯವೇ. ಆದರೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಆ ಮನೆಯ ಹಾದಿ ತುಳಿಯುವವರು ವಿರಳರಾಗುತ್ತಾರೆ. ಚಿಕಿತ್ಸೆಯಾದರೋ ಆಗಿನ್ನೂ ಅರ್ಧವೂ ಮುಗಿದಿರುವುದಿಲ್ಲ.

ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ರಕ್ತದ ಕ್ಯಾನ್ಸರ್. ಅದರ ಮುಖ್ಯ ಬಗೆಯಾದ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾಕ್ಕೆ ಎರಡರಿಂದ ಮೂರು ವರ್ಷಗಳ ಚಿಕಿತ್ಸೆ ಬೇಕು. ಮೊದಲ ತಿಂಗಳುಗಳ ಉಗ್ರ ಔಷಧೋಪಚಾರ ಮುಗಿದ ಮೇಲೆ ಮನೆಯಲ್ಲಿಯೇ ಮಾತ್ರೆ, ಆಗಾಗ್ಗೆ ರಕ್ತಪರೀಕ್ಷೆ, ತಪಾಸಣೆ. ಅಷ್ಟರಲ್ಲಿ ಉದುರಿದ ಕೂದಲು ಮತ್ತೆ ಬಂದಿರುತ್ತದೆ, ಮಗು ಆಡತೊಡಗಿರುತ್ತದೆ. ಗುಣವಾಯಿತೆಂದು ಭಾವಿಸಿ ಕೆಲವರು ಚಿಕಿತ್ಸೆ ನಿಲ್ಲಿಸುತ್ತಾರೆ. ಕೈಯಲ್ಲಿ ಕಾಸಿಲ್ಲದೆ ನಿಲ್ಲಿಸುವವರೂ ಇದ್ದಾರೆ. ಅಡಗಿದ್ದ ರೋಗಕ್ಕೆ ಅದೇ ಮರಳಿ ಬರುವ ದಾರಿ.

ಸಿರಿವಂತ ದೇಶಗಳಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿ ಗುಣಹೊಂದುತ್ತಾರೆ. ಅನೇಕ ಬಡ ದೇಶಗಳಲ್ಲಿ ಈ ಪ್ರಮಾಣ ಶೇಕಡಾ 30ನ್ನೂ ಮುಟ್ಟುವುದಿಲ್ಲ. ಕನಿಷ್ಠ ಶೇಕಡಾ 60 ಮಕ್ಕಳಾದರೂ 2030ರ ವೇಳೆಗೆ ಬದುಕುಳಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿಯಿರಿಸಿತು. ಬಡ ನಾಡುಗಳ ಈ ಹಿನ್ನಡೆಗೆ ತಡವಾದ ರೋಗಪತ್ತೆಯಷ್ಟೇ ಅರ್ಧಕ್ಕೆ ಬಿಟ್ಟ ಚಿಕಿತ್ಸೆಯೂ ಕಾರಣ.

ನಮ್ಮ ಬೆಳಗೋಡಿನ ಸೀಮೆಯನ್ನೇ ತೆಗೆದುಕೊಳ್ಳೋಣ. 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಯಾಗಲಿ, ನಮ್ಮ ಧರ್ಮಸಭೆಯದೇ ಆದ ಸೇಂಟ್ ಜಾನ್ಸ್ ಆಸ್ಪತ್ರೆಯಾಗಲಿ ಇರುವುದು ಸುಮಾರು 200 ಕಿ.ಮೀ. ದೂರದ ಬೆಂಗಳೂರಿನಲ್ಲಿ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವುಂಟು. ಆದರೆ ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದ ಕೆಲಸ ಬಿಟ್ಟು ಮಗುವಿನೊಡನೆ ಹೊರಟ ತಂದೆಯ ಕೂಲಿಯನ್ನು ಯಾವ ಯೋಜನೆಯೂ ತುಂಬಿಕೊಡದು. ಬಸ್ಸಿನ ಚಾರ್ಜು, ಪಟ್ಟಣದ ವಾಸ, ಊಟ, ಇವೇ ಬಡವನನ್ನು ಸೋಲಿಸುತ್ತವೆ.

ಮನೆಯಲ್ಲಿ ಉಳಿದ ಮಕ್ಕಳ ಪಾಡನ್ನೂ ಯೋಚಿಸಬೇಕು. ತಾಯಿ ತಿಂಗಳುಗಟ್ಟಲೆ ಬೆಂಗಳೂರಿನಲ್ಲಿ, ಅಣ್ಣನೋ ಅಕ್ಕನೋ ಅಜ್ಜಿಯ ಆಸರೆಯಲ್ಲಿ. ಬಂದವರೆಲ್ಲ ತಮ್ಮನ ಯೋಗಕ್ಷೇಮ ಕೇಳುತ್ತಾರೆ. ಇವರನ್ನು ಊಟವಾಯಿತೇ ಎಂದು ಕೇಳುವವರಿಲ್ಲ. ಇದರ ಮೇಲೆ, ಯಾರ ಪಾಪದ ಫಲವೋ ಎಂಬ ಪಿಸುಮಾತು ಬೇರೆ. ಹುಟ್ಟುಕುರುಡನ ವಿಷಯದಲ್ಲಿ ಇಂಥದೇ ಪ್ರಶ್ನೆ ಕೇಳಿದ ಶಿಷ್ಯರಿಗೆ, ಅದು ಅವನ ಪಾಪವೂ ಅಲ್ಲ, ಹೆತ್ತವರ ಪಾಪವೂ ಅಲ್ಲವೆಂದು ಪ್ರಭು ಸ್ಪಷ್ಟಪಡಿಸಿದ್ದರು. ಕ್ಯಾನ್ಸರ್ ಅಂಟುರೋಗವಲ್ಲ, ಶಾಲೆಯಲ್ಲಾಗಲಿ, ಧರ್ಮೋಪದೇಶದ ತರಗತಿಯಲ್ಲಾಗಲಿ ಆ ಮಗುವನ್ನು ದೂರ ಕೂರಿಸಲು ಕಾರಣವಿಲ್ಲ. ದೂರ ಉಳಿಯಬೇಕಾದವರು ನೆಗಡಿ, ಕೆಮ್ಮು, ಜ್ವರವಿದ್ದೂ ಮಗುವನ್ನು ನೋಡಹೋಗುವ ನಾವು. ಚಿಕಿತ್ಸೆಯಲ್ಲಿರುವ ಮಗುವಿಗೆ ರೋಗನಿರೋಧಕ ಶಕ್ತಿ ಕುಂದಿರುತ್ತದೆ. ಜ್ವರ ಬಂದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಅಂಥ ನಡುರಾತ್ರಿಯಲ್ಲಿ ವಾಹನ ಹೊರಡಿಸುವ ನೆರೆಯವನೇ ನಿಜವಾದ ನೆರೆಯವನು.

ಚಿಕಿತ್ಸೆ ಮುಗಿದ ಮೇಲೂ ಮನೆ ಕೂಡಲೇ ಹಿಂದಿನಂತಾಗುವುದಿಲ್ಲ. ಪ್ರತಿ ಜ್ವರಕ್ಕೂ ತಾಯಿಯ ಎದೆ ನಡುಗುತ್ತದೆ. ಕೆಲವು ಔಷಧಗಳ ಪರಿಣಾಮ ಹೃದಯ, ಬೆಳವಣಿಗೆ, ಕಲಿಕೆಗಳ ಮೇಲೆ ವರ್ಷಗಳ ನಂತರ ತೋರಬಹುದಾದ್ದರಿಂದ ತಪಾಸಣೆ ತಪ್ಪಿಸುವಂತಿಲ್ಲ. ತಪ್ಪಿದ ಪಾಠಗಳಿವೆ, ತೀರದ ಸಾಲವಿದೆ.

ಯಾಯಿರನ ಹನ್ನೆರಡು ವರ್ಷದ ಮಗಳನ್ನು ಎಬ್ಬಿಸಿದ ಪ್ರಭು, ಆಕೆಗೆ ತಿನ್ನಲು ಏನಾದರೂ ಕೊಡುವಂತೆ ಮನೆಯವರಿಗೆ ತಿಳಿಸಿದರೆಂದು ಸಂತ ಮಾರ್ಕರು ಬರೆದಿದ್ದಾರೆ. ಅದ್ಭುತ ನಡೆದ ಮೇಲೂ ಮಗುವಿಗೆ ಹಸಿವೆಯಿತ್ತು, ಆರೈಕೆ ಬೇಕಿತ್ತು. ಅದನ್ನು ಪ್ರಭು ಮನುಷ್ಯರ ಕೈಗೇ ಒಪ್ಪಿಸಿದರು.

ಆದ್ದರಿಂದ ಒಮ್ಮೆ ವಂತಿಗೆ ಎತ್ತಿ ಕೈತೊಳೆದುಕೊಳ್ಳುವ ಪದ್ಧತಿ ಸಾಲದು. ಪ್ರತಿ ಕಿರು ಕ್ರೈಸ್ತ ಸಮುದಾಯವೂ ತನ್ನಲ್ಲಿನ ಇಂಥ ಮನೆಯೊಂದನ್ನು ಮೂರು ವರ್ಷಗಳ ಮಟ್ಟಿಗೆ ಹೊತ್ತುಕೊಳ್ಳಲಿ. ಮುಂದಿನ ತಪಾಸಣೆಯ ತಾರೀಖನ್ನು ಒಬ್ಬರು ನೆನಪಿಡಲಿ, ಪ್ರಯಾಣದ ಖರ್ಚನ್ನು ನಾಲ್ವರು ಹಂಚಿಕೊಳ್ಳಲಿ, ಉಳಿದ ಮಕ್ಕಳ ಪಾಠವನ್ನು ಓದಿದ ಯುವಜನರು ನೋಡಿಕೊಳ್ಳಲಿ. ಮತಭೇದವೆಣಿಸದೆ ನೆರೆಯ ಮನೆಗೂ ಈ ನೆರವು ಸಲ್ಲಲಿ. ಚಿಕಿತ್ಸೆ ನಡುವೆ ನಿಲ್ಲದಂತೆ ನೋಡಿಕೊಂಡರೆ ಒಂದು ಜೀವ ಉಳಿದೀತು.