ಬೇಲಿ ಇಲ್ಲದಿದ್ದರೂ ತಕರಾರು, ಬೇಲಿ ಹಾಕಿದರೂ ತಕರಾರು

ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಜಮೀನಿನಲ್ಲಿ ಒಂದು ಎಕರೆಗೆ ಆರಡಿ ಬೇಲಿ ಹಾಕಿ, ಸಾಕುನಾಯಿಗಳನ್ನು ಬಿಟ್ಟು ಓಡಿಸುವುದಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡಬೇಕೆಂದಿದ್ದೇವೆ ಎಂದು ಬಾಯಿಬಿಟ್ಟಿದ್ದೇ ತಡ, ಗ್ರಾಮ ಪಂಚಾಯಿತಿಗೆ ತಕರಾರು ಅರ್ಜಿ ಹೋಯಿತು. ಅದರ ನಕಲು ನಮ್ಮ ಕೈಗೂ ಬಂದಿದೆ. ಬರೆದವರ ಹೆಸರು ಇಲ್ಲಿ ಬೇಡ, ಅವರ ವಾದ ಸಾಕು. ಓದುಗರು ಆ ಕಡೆಯವರೂ ಅಲ್ಲ, ಈ ಕಡೆಯವರೂ ಅಲ್ಲ. ಹಾಗಾಗಿ ಅವರ ಮುಂದೆಯೇ ಒಂದೊಂದಾಗಿ ಬಿಚ್ಚಿ ನೋಡೋಣ.

ಮೊದಲ ತಕರಾರು ಕೇಳುವುದಕ್ಕೆ ಬಹಳ ಘನವಾಗಿದೆ: ‘ಅನ್ನ ಬೆಳೆಯುವ ಭೂಮಿಯನ್ನು ನಾಯಿಗಳ ಪಾಲು ಮಾಡುತ್ತಿದ್ದಾರೆ.’ ಈ ಎಕರೆಯಲ್ಲಿ ಇಷ್ಟು ವರ್ಷ ಇದ್ದದ್ದು ನೀಲಗಿರಿ. ನೀಲಗಿರಿ ಬೇಯಿಸಿ ಉಂಡವರನ್ನು ನಾವಂತೂ ಕಂಡಿಲ್ಲ. ಅಂತರ್ಜಲಕ್ಕೆ ಕುತ್ತು ಎಂದು 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆಗಲೂ ಈ ಮಹನೀಯರಿಗೆ ಅನ್ನದ ಚಿಂತೆ ಹತ್ತಲಿಲ್ಲ. ನಾವು ಬುಡ ಕೀಳಿಸಿ, ನೆಲ ಹದ ಮಾಡಿ, ಗರಿಕೆ ಹಬ್ಬಿಸಿದ ಮೇಲೆ ಹತ್ತಿತು. ಪಕ್ಕದ ಸರ್ವೆ ನಂಬರಿನಲ್ಲಿ ನಿಜವಾಗಿಯೂ ರಾಗಿ ಬೆಳೆಯುತ್ತಿದ್ದ ಹೊಲ ರೆವಿನ್ಯೂ ಸೈಟುಗಳಾಗಿ ತುಂಡಾದಾಗ ಅರ್ಜಿ ಹೋಗಲಿಲ್ಲ. ಸಹಿ ಹಾಕಿದವರಲ್ಲಿ ಇಬ್ಬರ ಸೈಟು ಅಲ್ಲಿಯೇ ಇದೆ ಎಂಬುದು ಕಾಕತಾಳೀಯವೇ ಇರಬಹುದು. ಪಾಯ ತೋಡಿ ಕಾಂಕ್ರೀಟು ಸುರಿದ ನೆಲ ತಿರುಗಿ ಹೊಲವಾಗುವುದಿಲ್ಲ. ನಮ್ಮ ಕಲ್ಲುಕಂಬ ಕಿತ್ತರೆ ಮುಂದಿನ ಮುಂಗಾರಿಗೇ ರಾಗಿ ಬಿತ್ತಬಹುದು.

ಎರಡನೇ ಪುಟದ ತಲೆಯಲ್ಲಿ ಹೀಗಿದೆ: ‘ಇಷ್ಟು ದೂರ ನಾಯಿ ಓಡಿಸುವುದಕ್ಕೆ ಯಾರು ಬರುತ್ತಾರೆ? ಆರು ತಿಂಗಳಲ್ಲಿ ಬಾಗಿಲು ಮುಚ್ಚಿ, ಜಾಗ ಪಾಳು ಬಿದ್ದು ಪುಂಡರ ಅಡ್ಡೆಯಾಗುತ್ತದೆ.’ ಅದೇ ಪುಟದ ಬುಡದಲ್ಲಿ: ‘ಬೆಂಗಳೂರಿನ ಕಾರುಗಳು ಸಾಲುಗಟ್ಟಿ ಊರ ರಸ್ತೆಯಲ್ಲಿ ಎತ್ತಿನ ಗಾಡಿಯೂ ಓಡಾಡದಂತಾಗುತ್ತದೆ.’ ಯಾರೂ ಬಾರದ ಜಾಗಕ್ಕೆ ಸಾಲುಗಟ್ಟುವ ಕಾರುಗಳು ಎಲ್ಲಿಂದ ಬಂದವು? ಎರಡು ಭವಿಷ್ಯಗಳಲ್ಲಿ ಯಾವುದನ್ನು ನಂಬಬೇಕೆಂದು ಅರ್ಜಿದಾರರು ಮೊದಲು ತಮ್ಮೊಳಗೇ ಇತ್ಯರ್ಥ ಮಾಡಿಕೊಳ್ಳಲಿ. ಅಷ್ಟರಲ್ಲಿ ನಾವು ಲೆಕ್ಕ ಹೇಳಿಬಿಡುತ್ತೇವೆ. ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 7. ನಡುಹಗಲು ಬಂದ್. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಪಗ್‌ನಂಥ ಮೊಂಡುಮೂಗಿನ ತಳಿ ಏಪ್ರಿಲ್ ಬಿಸಿಲಿನಲ್ಲಿ ಓಡಿದರೆ ಪ್ರಾಣಕ್ಕೇ ಕುತ್ತು. ಒಂದು ಸರದಿ ಎಂದರೆ ಮುಕ್ಕಾಲು ಗಂಟೆ, ಆಮೇಲೆ ಕಾಲು ಗಂಟೆ ಬಿಡುವು. ಒಂದು ಸರದಿಗೆ ಒಂದೇ ಮನೆಯವರು. ಎಲ್ಲ ಸರದಿ ಭರ್ತಿಯಾದರೂ ದಿನಕ್ಕೆ ಏಳು ಕಾರು, ಅದೂ ಒಂದು ಹೋದ ಮೇಲೆ ಇನ್ನೊಂದು. ಊರ ಮುಂದಿನ ಕಲ್ಯಾಣ ಮಂಟಪದಲ್ಲಿ ಒಂದು ಬೀಗರೂಟ ನಡೆದರೆ ನಿಲ್ಲುವ ವಾಹನಗಳು ನಮ್ಮಲ್ಲಿಗೆ ಒಂದು ವಾರ ಕಳೆದರೂ ಬರುವುದಿಲ್ಲ.

ಮೂರನೆಯದು ಭಯದ ವಾದ: ‘ನಾಯಿ ತಪ್ಪಿಸಿಕೊಂಡು ಕುರಿ ಹಿಡಿಯುತ್ತದೆ, ಮಕ್ಕಳನ್ನು ಕಚ್ಚುತ್ತದೆ.’ ಇಡೀ ಅರ್ಜಿಯಲ್ಲಿ ಉತ್ತರಕ್ಕೆ ಅರ್ಹವಾದ ಮಾತು ಇದು, ಆದ್ದರಿಂದ ಪೂರ್ತಿಯಾಗಿಯೇ ಹೇಳುತ್ತೇವೆ. ಬೇಲಿಯಿಂದ ನಾಯಿ ಹೊರಬೀಳುವುದಕ್ಕೆ ಮೂರು ದಾರಿ: ಮೇಲಿಂದ ಹಾರುವುದು, ಕೆಳಗೆ ಕೆರೆದು ನುಸುಳುವುದು, ಗೇಟು ತೆರೆದಾಗ ನುಗ್ಗುವುದು. ಹಾರುವುದಕ್ಕೆ ಆರಡಿ ಮೆಶ್ ಇದೆ. ಹತ್ತಿ ನೆಗೆಯಲು ಆಸರೆಯಾಗುವ ಕಲ್ಲುಗುಂಡು, ದಿಮ್ಮಿ ಯಾವುದೂ ಬೇಲಿಯ ಹತ್ತಿರ ಇರುವುದಿಲ್ಲ. ಕೆರೆಯುವುದಕ್ಕೆ ಮೆಶ್‌ನ ಬುಡವನ್ನು ಒಂದಡಿ ಒಳಮಗ್ಗುಲಿಗೆ ಮಡಚಿ ಮಣ್ಣಿನಲ್ಲಿ ಹೂತಿದ್ದೇವೆ. ಬೇಲಿಯ ಬುಡದಲ್ಲಿ ಎಷ್ಟು ಕೆರೆದರೂ ಪಂಜಕ್ಕೆ ಸಿಗುವುದು ತಂತಿಯೇ. ಇನ್ನು ಗೇಟು. ಅದು ಒಂದಲ್ಲ, ಎರಡು. ಹೊರಗಿನ ಗೇಟು ದಾಟಿದರೆ ಒಂದು ಸಣ್ಣ ಪಂಜರದಂಥ ಜಾಗ. ಅದನ್ನು ಮುಚ್ಚಿ ಚಿಲಕ ಹಾಕಿದ ಮೇಲೆಯೇ ಒಳಗಿನ ಗೇಟು ತೆರೆಯಬೇಕು, ನಾಯಿಯ ಹಗ್ಗ ಬಿಚ್ಚಬೇಕು. ಹೊರಡುವಾಗಲೂ ಹಾಗೆಯೇ. ಮುಳ್ಳುತಂತಿ ಎಲ್ಲಿಯೂ ಇಲ್ಲ, ಓಡುವ ನಾಯಿಯ ಮೈ ಅದರಲ್ಲಿ ಸಿಗಿದುಹೋಗುತ್ತದೆ. ಸರದಿಗಳ ನಡುವಿನ ಕಾಲು ಗಂಟೆ ಸೋಮಾರಿತನಕ್ಕೆ ಬಿಟ್ಟದ್ದಲ್ಲ, ಒಬ್ಬರ ನಾಯಿ ಇನ್ನೊಬ್ಬರ ನಾಯಿಯನ್ನು ಗೇಟಿನಲ್ಲಿ ಎದುರುಗೊಳ್ಳದಿರಲಿ ಎಂದು.

ಅರ್ಜಿದಾರರು ಜಾಣತನದಿಂದ ಬಿಟ್ಟಿರುವ ಸಂಗತಿ ಒಂದಿದೆ. ಭಾನುವಾರ ಬೆಳಿಗ್ಗೆ ನಗರದ ಕಾರುಗಳು ಈಗಲೂ ನಮ್ಮೂರಿಗೆ ಬರುತ್ತವೆ. ಕೆರೆಯಂಗಳದಲ್ಲಿ ನಿಲ್ಲಿಸಿ, ಡಿಕ್ಕಿ ತೆಗೆದು, ನಾಯಿ ಬಿಡುತ್ತಾರೆ. ಅದೇ ಕೆರೆಯಂಗಳದಲ್ಲಿ ಕುರಿ ಮೇಯುತ್ತವೆ. ಅಲ್ಲಿ ಗೇಟೂ ಇಲ್ಲ, ಮೆಶ್ಶೂ ಇಲ್ಲ, ಯಾರ ನಾಯಿ ಎಂದು ಬರೆದಿಡುವ ಪುಸ್ತಕವೂ ಇಲ್ಲ. ನಮ್ಮ ಬೇಲಿ ರದ್ದಾದರೆ ಆ ನಾಯಿಗಳು ರದ್ದಾಗುವುದಿಲ್ಲ. ಸಾಕಿದ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗದಂತೆ ತಕ್ಕ ಕ್ರಮ ಕೈಗೊಳ್ಳದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. ಆ ತಕ್ಕ ಕ್ರಮಕ್ಕೆ ಆರಡಿಯ ಬೇಲಿ, ಎರಡು ಗೇಟುಗಳಿಗಿಂತ ಒಳ್ಳೆಯ ಉದಾಹರಣೆ ಇದ್ದರೆ ಅರ್ಜಿದಾರರು ತಿಳಿಸಲಿ. ಕುರಿಯ ಮೇಲಿನ ಕಾಳಜಿಯಿಂದ, ಕುರಿಯನ್ನು ಕಾಯುವ ಬೇಲಿಯನ್ನೇ ಕೀಳಿಸಲು ಹೊರಟಿರುವುದು ಅಪರೂಪದ ಕಾಳಜಿಯೇ ಸರಿ.

‘ಕೇಂದ್ರ ಸರ್ಕಾರ ನಿಷೇಧಿಸಿದ ಅಪಾಯಕಾರಿ ತಳಿಗಳು ಇಲ್ಲಿಗೆ ಬರುತ್ತವೆ’ ಎಂದು ಇದಕ್ಕೇ ಒಂದು ಬಾಲ ಅಂಟಿಸಿದ್ದಾರೆ. 23 ತಳಿಗಳ ವಿರುದ್ಧದ ಆ ಸುತ್ತೋಲೆ 2024ರ ಮಾರ್ಚ್‌ನಲ್ಲಿ ಬಂತು. ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿದ್ದು ನಮ್ಮದೇ ಕರ್ನಾಟಕ ಹೈಕೋರ್ಟ್. ಅರ್ಜಿದಾರರು ಮಾರ್ಚ್ ತಿಂಗಳ ಪತ್ರಿಕೆ ಓದಿ ಏಪ್ರಿಲ್‌ನದನ್ನು ರದ್ದಿಗೆ ಹಾಕಿದ್ದಾರೆ.

ಇನ್ನೊಂದು ಆಕ್ಷೇಪ: ‘ಇದು ವಿದೇಶಿ ಶೋಕಿ, ನಮ್ಮ ಹಳ್ಳಿಗೆ ಒಗ್ಗದು.’ ವಿದೇಶದ್ದು ಎಂಬುದು ನಿಜ. ಇಂಗ್ಲೆಂಡಿನಲ್ಲಿ ಎಷ್ಟೋ ರೈತರು ಹೊಲದ ಒಂದು ಭಾಗಕ್ಕೆ ಬೇಲಿ ಹಾಕಿ ಹೀಗೆ ಬಾಡಿಗೆಗೆ ಕೊಡುತ್ತಾರೆ. ಅಲ್ಲಿ ಕುರಿಯ ಪ್ರಶ್ನೆ ಎಷ್ಟು ಗಂಭೀರವೆಂದರೆ, ಹೊಲದಲ್ಲಿ ಜಾನುವಾರಿಗೆ ನಾಯಿ ಕಾಟ ಕೊಟ್ಟರೆ ಅದರ ಯಜಮಾನನನ್ನು ಅಪರಾಧಿ ಮಾಡುವ ಕಾನೂನು 1953ರಲ್ಲೇ ಬಂತು. ಕುರಿಗೆ ಬಿದ್ದ ನಾಯಿಯನ್ನು ತಡೆಯಲು ಬೇರೆ ದಾರಿ ಇಲ್ಲದಿದ್ದರೆ ಗುಂಡು ಹಾರಿಸಿದ ರೈತನಿಗೆ 1971ರ ಇನ್ನೊಂದು ಕಾನೂನಿನಲ್ಲಿ ರಕ್ಷಣೆ ಇದೆ. ಕುರಿಯೂ ನಾಯಿಯೂ ಒಂದೇ ಸೀಮೆಯಲ್ಲಿ ಬದುಕಬೇಕಾದ ಊರಿನಲ್ಲಿ ಬೇಲಿಯ ಬೆಲೆ ತಿಳಿಯುತ್ತದೆ. ನಮ್ಮದೂ ಅಂಥದೇ ಊರು. ಅಂದಹಾಗೆ, ಅರ್ಜಿದಾರರ ಹೊಲಗಳಿಗೆ ನೆರಳು ಕೊಡುತ್ತಿದ್ದ ನೀಲಗಿರಿಯೂ ಆಸ್ಟ್ರೇಲಿಯಾದ್ದು.

‘ನಾಯಿಗೆ ಹಗ್ಗ ಕಟ್ಟಿ ಬೀದಿಯಲ್ಲಿ ಎರಡು ಸುತ್ತು ಹಾಕಿಸಿದರೆ ಸಾಲದೇ?’ ಎಂದೂ ಕೇಳಿದ್ದಾರೆ. ಕೆಲವು ನಾಯಿಗೆ ಸಾಕು. ಮುಧೋಳ ನಾಯಿಗೆ ಕೇಳಿನೋಡಿ. ಬಾಗಲಕೋಟೆ ಸೀಮೆಯ ಬಯಲಿನಲ್ಲಿ ಮೊಲ ಬೆನ್ನಟ್ಟುವುದಕ್ಕೆಂದೇ ಬೆಳೆಸಿದ ತಳಿ ಅದು. 2005ರಲ್ಲಿ ಅಂಚೆಚೀಟಿಯಾಯಿತು, ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವಿದೆ, ಸೈನ್ಯದವರೆಗೂ ಹೋಯಿತು. ಈ ಕೀರ್ತಿಯ ಫಲವಾಗಿ ಈಗ ಯಲಹಂಕದ ಎರಡು ಕೋಣೆಯ ಫ್ಲ್ಯಾಟಿಗೂ ಬಂದು ಬಾಲ್ಕನಿಯಲ್ಲಿ ನಿಂತಿದೆ. ಮೂಸಿ ಬೇಟೆಯಾಡುವುದಕ್ಕಿಂತ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನೋ ಸರಿದಾಡಿತು ಎಂದರೆ ಹೊರಟೇಹೋಯಿತು, ಯಜಮಾನ ಗಂಟಲು ಹರಿದುಕೊಂಡರೂ ಕಿವಿಗೆ ಬೀಳದು. ಬಯಲಿನಲ್ಲಿ ಬಿಡುವಂತಿಲ್ಲ, ಹಗ್ಗದ ತುದಿಯಲ್ಲಿ ನಡೆಸಿದರೆ ಅದಕ್ಕೆ ಅದು ಓಟವೇ ಅಲ್ಲ. ಕಾನೂನಿಗೂ ಇದು ಗೊತ್ತು. ರುಕ್ಮಿಣಿದೇವಿ ಅರುಂಡೇಲ್ ಹೋರಾಡಿ ತರಿಸಿದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ, ಸದಾ ಕಟ್ಟಿಹಾಕಿದ ಅಥವಾ ಕೂಡಿಟ್ಟ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದನ್ನೂ ಹಿಂಸೆ ಎನ್ನುತ್ತದೆ. ಮೊದಲ ಸಲದ ದಂಡ 10ರಿಂದ 50 ರೂಪಾಯಿ! ದಂಡ ಚಿಲ್ಲರೆಯಾದರೂ ಹೊಣೆ ಚಿಲ್ಲರೆಯಲ್ಲ. ಫ್ಲ್ಯಾಟಿನಲ್ಲಿ ಬೊಗಳಬಾರದು, ಲಿಫ್ಟಿನಲ್ಲಿ ಬರಬಾರದು, ಪಾರ್ಕಿನೊಳಗೆ ಕಾಲಿಡಬಾರದು, ಬೀದಿಯಲ್ಲಿ ಹಗ್ಗ ಬಿಚ್ಚಬಾರದು. ಇಷ್ಟೂ ಸರಿ ಎನ್ನೋಣ. ಹಾಗಾದರೆ ಎಲ್ಲಿ? ಅರ್ಜಿಯ ಎರಡೂವರೆ ಪುಟದಲ್ಲಿ ಈ ಪ್ರಶ್ನೆಗೆ ಒಂದು ಸಾಲಿನ ಉತ್ತರವೂ ಇಲ್ಲ.

ಇಷ್ಟರಲ್ಲೇ ಇನ್ನೊಂದು ದಿಕ್ಕಿನಿಂದ ಪತ್ರ ಬಂತು. ಅದು ನಗರದ ನಾಯಿಪ್ರಿಯರದು. ‘ಒಂದು ಸಲಕ್ಕೆ ಒಂದೇ ಮನೆಯ ನಾಯಿ ಎಂದರೆ ಒಂಟಿ ಸೆರೆಮನೆ. ನಾಯಿಗೆ ಗೆಳೆಯರು ಬೇಕು. ಅಲ್ಲದೆ ಸರಿಯಾಗಿ ಪಳಗಿಸಿದ ನಾಯಿಗೆ ಬೇಲಿಯೇ ಬೇಡ.’ ಗೆಳೆತನ ಬಯಸುವ ನಾಯಿಗಳಿಗೆ ಭಾನುವಾರದ ಕಬ್ಬನ್ ಪಾರ್ಕ್ ಇದೆ. 2022ರಲ್ಲಿ ಅಲ್ಲಿಂದ ನಾಯಿಗಳನ್ನು ಹೊರಹಾಕುವ ಮಾತು ಎದ್ದಾಗ ಹೋರಾಡಿದವರ ಪರವಾಗಿಯೇ ನಾವೂ ಇದ್ದೆವು. ನಮ್ಮ ಹೊಲ ಇರುವುದು ಅಲ್ಲಿಗೆ ಹೋಗಲಾರದ ನಾಯಿಗೆ. ಬೀದಿಯಿಂದ ತಂದ, ಹೊಸಬರ ನೆರಳು ಬಿದ್ದರೂ ಬಾಲ ಮುದುರಿಕೊಳ್ಳುವ ನಾಯಿ. ಇನ್ನೊಂದು ನಾಯಿ ಕಂಡರೆ ಹಲ್ಲು ಕಿರಿಯುವ ನಾಯಿ. ವಯಸ್ಸಾಗಿ ಕಿವಿ ಹೋದ ಲ್ಯಾಬ್ರಡಾರ್. ಕಿವಿ ಕೇಳದ ನಾಯಿಗೆ ‘ಬಾ’ ಎಂದರೆ ಬರುವುದನ್ನು ಹೇಗೆ ಕಲಿಸುತ್ತಾರೋ ಪತ್ರ ಬರೆದವರು ನಮಗೂ ಕಲಿಸಿಕೊಡಲಿ. ಕಿವಿ ಕೇಳುವ ನಾಯಿಯ ಮಾತಿಗೇ ಬಂದರೂ, ಹಗ್ಗವಿಲ್ಲದಾಗ ಕರೆದರೆ ಬರುತ್ತದೋ ಇಲ್ಲವೋ ಎಂಬುದು ಹಗ್ಗ ಬಿಚ್ಚಿದ ಮೇಲೆಯೇ ಗೊತ್ತಾಗುವುದು. ಬಿಚ್ಚಿ ನೋಡುವುದಕ್ಕೆ ಹೆದ್ದಾರಿಯ ಪಕ್ಕ ಒಳ್ಳೆಯದೋ, ಬೇಲಿಯೊಳಗೆ ಒಳ್ಳೆಯದೋ? ಪಳಗದ ನಾಯಿಯನ್ನು ಬಿಡಲೇಬಾರದು ಎಂದು ಒಂದು ವಾಕ್ಯದಲ್ಲಿ ಹೇಳಿ, ಎಲ್ಲ ನಾಯಿಗಳನ್ನೂ ಒಟ್ಟಿಗೆ ಬಿಡಿ ಎಂದು ಮುಂದಿನದರಲ್ಲಿ ಹೇಳುವವರಿಂದ ನಾಯಿಗಳೂ ಏನು ಕಲಿಯಬಲ್ಲವೋ ಕಾಣೆ.

ಮತ್ತೆ ಪಂಚಾಯಿತಿಯ ಅರ್ಜಿಗೆ ಬರೋಣ. ‘ನಾಯಿಯ ಹೇಲಿನಿಂದ ರೋಗ ಹರಡಿ ಬಾವಿಯ ನೀರು ಕೆಡುತ್ತದೆ.’ ರೋಗದ ಮಾತು ಸುಳ್ಳಲ್ಲ. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ನಿಂತ ನೀರು ಇಲಿಜ್ವರಕ್ಕೆ ದಾರಿ. ಅದಕ್ಕಾಗಿಯೇ ಲಸಿಕೆಯ ಪುಸ್ತಕ ತೋರಿಸದೆ ಒಳಗೆ ಬಿಡುವುದಿಲ್ಲ: ರೇಬಿಸ್, ಡಿಸ್ಟೆಂಪರ್, ಪಾರ್ವೊ, ಇಲಿಜ್ವರ. ಲಸಿಕೆ ಮುಗಿಯದ ಮರಿಗಳಿಗೆ ಪ್ರವೇಶವಿಲ್ಲ. ಹೇಲನ್ನು ಬಂದವರೇ ಚೀಲಕ್ಕೆ ಎತ್ತಬೇಕು, ಎತ್ತದಿದ್ದರೆ ಮುಂದಿನ ಸಲ ಸರದಿ ಸಿಗದು. ನೀರು ನಿಲ್ಲದಂತೆ ನೆಲಕ್ಕೆ ಇಳಿಜಾರು ಕೊಟ್ಟಿದ್ದೇವೆ, ಉಣ್ಣಿ ಸೇರದಂತೆ ಹುಲ್ಲು ಕತ್ತರಿಸುತ್ತೇವೆ, ಪಾರ್ಥೇನಿಯಂ ಕಂಡಲ್ಲಿ ಕೀಳುತ್ತೇವೆ. ಈ ಅರ್ಜಿ ಸಲ್ಲಿಸಿದ ಪಂಚಾಯಿತಿ ಕಚೇರಿಯ ಮೆಟ್ಟಿಲ ಮೇಲೆ ಮಲಗುವ ನಾಯಿಗಳಲ್ಲಿ ಒಂದಕ್ಕಾದರೂ ಲಸಿಕೆಯ ಪುಸ್ತಕ ಇದೆಯೇ ಎಂದು ಸಹಿದಾರರು ಒಮ್ಮೆ ವಿಚಾರಿಸಬಹುದಿತ್ತು.

ಆ ನಾಯಿಗಳ ಹೆಸರು ಹೇಳಿಯೇ ಮುಂದಿನ ತಕರಾರು: ‘ಮೊದಲು ಬೀದಿನಾಯಿ ಸಮಸ್ಯೆ ಬಗೆಹರಿಯಲಿ, ಆಮೇಲೆ ಸಾಕುನಾಯಿಯ ಸುಖ.’ ಸಂತಾನಹರಣ, ಲಸಿಕೆಯ ಹೊಣೆಯನ್ನು 2023ರ ನಿಯಮಗಳು ಸ್ಥಳೀಯ ಸಂಸ್ಥೆಗೆ ವಹಿಸಿವೆ. ನಮ್ಮೂರಿನಲ್ಲಿ ಸ್ಥಳೀಯ ಸಂಸ್ಥೆ ಎಂದರೆ ಗ್ರಾಮ ಪಂಚಾಯಿತಿ; ಸಹಿ ಹಾಕಿದವರಲ್ಲಿ ಒಬ್ಬರು ಅದರ ಮಾಜಿ ಸದಸ್ಯರು. ತಾವು ಅಧಿಕಾರದಲ್ಲಿದ್ದಾಗ ಮುಗಿಸದ ಕೆಲಸ ಮುಗಿಯುವವರೆಗೆ ನಾವು ಕಾಯಬೇಕೆಂಬುದು ಅವರ ಷರತ್ತು.

ಸದ್ದಿನ ವಿಷಯ ಬೇಗ ಮುಗಿಯುತ್ತದೆ. ರಾತ್ರಿ ಎಂದರೆ 10ರಿಂದ 6 ಎಂದು ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ಆ ಹೊತ್ತಿನಲ್ಲಿ ನಮ್ಮ ಗೇಟಿಗೆ ಬೀಗ. ಮಂಟಪದ ಡಿಜೆಗೆ ಬೀಗ ಬೀಳುವುದು ಎಷ್ಟಕ್ಕೆ ಎಂದು ಊರಿಗೇ ಗೊತ್ತು.

ಕೊನೆಗೆ ಕಾನೂನು: ‘ಕೃಷಿ ಜಮೀನನ್ನು ಭೂಪರಿವರ್ತನೆ ಇಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ.’ ಒಪ್ಪಿದೆವು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಅರ್ಜಿ ಹಾಕಿದ್ದೇವೆ, ಆದೇಶ ಬರುವವರೆಗೆ ಒಂದು ರೂಪಾಯಿ ಬಾಡಿಗೆ ಪಡೆಯುವುದಿಲ್ಲ. ಅರ್ಜಿದಾರರಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ‘ಅನುಮತಿ ಪಡೆದಿಲ್ಲ, ಆದ್ದರಿಂದ ನಿಲ್ಲಿಸಿ’ ಎಂದು ಪಂಚಾಯಿತಿಗೆ ಬರೆದವರೇ, ‘ಅನುಮತಿ ಕೊಡಬೇಡಿ’ ಎಂದು ತಹಶೀಲ್ದಾರರಿಗೂ ಬರೆದಿದ್ದಾರೆ. ಎರಡೂ ಪತ್ರಗಳ ತಾರೀಖು ಒಂದೇ.

ಸಹಿಗಳ ಮೇಲೆ ಕಡೆಯ ಸಾಲು ಹೀಗಿದೆ: ‘ಇವಲ್ಲದೆ ಇನ್ನೂ ಅನೇಕ ಕಾರಣಗಳಿವೆ.’ ಅವನ್ನೂ ಬರೆದು ಕಳಿಸಿದರೆ ಅವಕ್ಕೂ ಉತ್ತರ ಕೊಡುತ್ತೇವೆ.