ಹೆದರಿಸದ ಕಾಡು

ಬರೆಯಲು ಬಾರದವರು ಕೆಟ್ಟ ಪುಸ್ತಕ ಬರೆದರೆ ಮಡಚಿಟ್ಟು ಮಲಗಬಹುದು. ಮೆಲಿಸ್ಸಾ ಆಲ್ಬರ್ಟ್‌ಗೆ ಬರೆಯಲು ಬರುತ್ತದೆ. ಅದಕ್ಕೇ 2018ರಲ್ಲಿ ಬಂದ ಅವರ ಮೊದಲ ಕಾದಂಬರಿ ‘ದಿ ಹೇಜಲ್ ವುಡ್’ ಮೇಲೆ ನನಗೆ ಸಿಟ್ಟು.

ಹದಿನೇಳರ ಆಲಿಸ್ ತಾಯಿಯೊಂದಿಗೆ ಊರೂರು ಅಲೆದು ಬೆಳೆದವಳು. ಹೋದಲ್ಲೆಲ್ಲ ಅಪಶಕುನ ಬೆನ್ನು ಹತ್ತುತ್ತದೆ. ಅಜ್ಜಿ ಆಲ್ಥಿಯಾ ಕರಾಳ ಕಿನ್ನರಕಥೆಗಳ ಒಂದು ಸಂಕಲನದಿಂದ ಹೆಸರು ಮಾಡಿ, ಹೇಜಲ್ ವುಡ್ ಎಂಬ ಬಂಗಲೆಯಲ್ಲಿ ಅಡಗಿ ಕೂತವಳು. ಆ ಪುಸ್ತಕವೋ ಎಲ್ಲೂ ಸಿಗುವುದಿಲ್ಲ. ಅಜ್ಜಿ ಸಾಯುತ್ತಾಳೆ, ತಾಯಿಯನ್ನು ಯಾರೋ ಎತ್ತಿಕೊಂಡು ಹೋಗುತ್ತಾರೆ. ಅಜ್ಜಿಯ ಕಥೆಗಳ ಹುಚ್ಚು ಹಿಡಿದ ಸಹಪಾಠಿ ಫಿಂಚ್ ಜೊತೆ ಆಲಿಸ್ ಹುಡುಕಲು ಹೊರಡುತ್ತಾಳೆ.

ಹೊರಟವರು ತಲುಪಿದರೆ ತಾನೆ! ಅರ್ಧಕ್ಕಿಂತ ಹೆಚ್ಚು ಪುಸ್ತಕ ನ್ಯೂಯಾರ್ಕಿನಲ್ಲಿ, ದಾರಿಯಲ್ಲಿ, ಕಾರಿನಲ್ಲಿ ಕಳೆದುಹೋಗುತ್ತದೆ. ಅಷ್ಟು ಹೊತ್ತೂ ಆ ಕಥೆಗಳು ಎಷ್ಟು ಭಯಂಕರ ಎಂದು ಪಾತ್ರಗಳು ಮಾತಾಡಿಕೊಳ್ಳುತ್ತವೆ. ನಮ್ಮ ಕೈಗೆ ನೆಟ್ಟಗೆ ಸಿಗುವುದು ಎರಡೇ ಕಥೆ. ಅವೆರಡೂ ತಣ್ಣಗೆ ಕೊರೆಯುವಂಥವು, ಒಪ್ಪುತ್ತೇನೆ. ಮಿಕ್ಕವು 2021ರಲ್ಲಿ ಬೇರೆ ಪುಸ್ತಕವಾಗಿ, ಬೇರೆ ಬೆಲೆಗೆ ಬಂದವು.

ಭಯ ಎಲ್ಲಿರುತ್ತದೆ ಎಂದು ತಿಳಿಯಬೇಕಾದರೆ ಗ್ರಿಮ್ ಸಹೋದರರ 1812ರ ಸಂಪುಟದಲ್ಲಿರುವ ‘ಜುನಿಪರ್ ಮರ’ ಓದಬೇಕು. ಹುಡುಗ ಸೇಬಿಗಾಗಿ ಪೆಟ್ಟಿಗೆಯೊಳಗೆ ಬಗ್ಗುತ್ತಾನೆ. ಮಲತಾಯಿ ಮುಚ್ಚಳ ಬಡಿಯುತ್ತಾಳೆ. ತಲೆಯನ್ನು ಕತ್ತಿನ ಮೇಲಿಟ್ಟು ಬಟ್ಟೆ ಕಟ್ಟಿ, ಬಾಗಿಲಲ್ಲಿ ಕೂರಿಸುತ್ತಾಳೆ. ಆಮೇಲೆ ಅಡಿಗೆ. ಅಪ್ಪ ಊಟಕ್ಕೆ ಕೂತು, ರುಚಿಯಾಗಿದೆ ಎಂದು ಇನ್ನಷ್ಟು ಬಡಿಸಿಕೊಂಡು, ಮೂಳೆಗಳನ್ನು ಮೇಜಿನ ಕೆಳಗೆ ಎಸೆಯುತ್ತಾನೆ. ಮಾಡಿದ್ದೇನು, ಬಡಿಸಿದ್ದೇನು, ಇಷ್ಟನ್ನೇ ಕಥೆ ಹೇಳುತ್ತದೆ. ಭೀಕರ ಎಂದು ಷರಾ ಬರೆಯುವುದಿಲ್ಲ. (ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಹುಡುಗಿ ಹೂವಿನ ಮರವಾಗುವ ನಮ್ಮ ಕಥೆಯೂ ಹೀಗೆಯೇ. ಕೈಕಾಲಿಲ್ಲದ ಮೈ ಚರಂಡಿಯಲ್ಲಿ ಬಿದ್ದಿರುತ್ತದೆ, ಹೇಳುವವಳ ದನಿ ಏರುವುದಿಲ್ಲ.) ‘ಹೇಜಲ್ ವುಡ್’ನಲ್ಲಿ ಸಾಲು ಸಾಲಿಗೂ ಒಂದು ಉಪಮೆ. ಹೆದರಬೇಕಾದಲ್ಲಿ ನಾನು ಅಲಂಕಾರ ಎಣಿಸುತ್ತಾ ಕೂತೆ.

ಇದನ್ನೂ ಕ್ಷಮಿಸಬಹುದಿತ್ತು. ಕ್ಷಮಿಸಲಾಗದ್ದು ಬೇರೆ. ಆಲಿಸ್ ತಾನೇ ಅಜ್ಜಿಯ ಕಥೆಯೊಂದರ ಪಾತ್ರ. ಕೂಸಾಗಿದ್ದಾಗ ಕಥಾಲೋಕದಿಂದ ಕದ್ದು ತಂದವಳು. ಮೊದಲ ಪುಟದಿಂದ ಅವಳನ್ನು ಸುಡುವ ಸಿಟ್ಟು ಆ ಕಥೆಯ ಹಿಮದಂಥ ಕ್ರೂರ ರಾಜಕುಮಾರಿಯದು. ನನ್ನ ಸಿಟ್ಟು ನನ್ನದೋ, ಬೇರೆ ಯಾರೋ ಬರೆದಿಟ್ಟದ್ದೋ? ಮನೆಯಲ್ಲಿ ‘ಥೇಟ್ ಅಜ್ಜಿಯ ಬುದ್ಧಿ’ ಎಂದು ಬೈಸಿಕೊಂಡ ಯಾವ ಹುಡುಗಿಗೂ ಈ ಪ್ರಶ್ನೆ ಗೊತ್ತು. ಕಾದಂಬರಿ ಇಲ್ಲಿ ನಿಲ್ಲಬೇಕಿತ್ತು. ಆಲಿಸ್ ತನ್ನ ಕ್ರೌರ್ಯದ ರುಚಿ ನೋಡಬೇಕಿತ್ತು. ಬದಲಿಗೆ ಹೊರಗಿನವರು ಬಂದು ಕಥೆಯ ಓಟ ಕೆಡಿಸುತ್ತಾರೆ, ಅವಳು ಪಾರಾಗುತ್ತಾಳೆ. ದಾರಿಯ ಹರಟೆಗೆ ಸಿಕ್ಕ ಜಾಗ ಇದಕ್ಕೆ ಸಿಗಲಿಲ್ಲ.

ಹದಿಹರೆಯದವರ ಪುಸ್ತಕ, ಇಷ್ಟು ಸಾಕು ಎನ್ನುತ್ತಾರೆ. ಗ್ರಿಮ್ಮರ ಸಂಪುಟದ ಹೆಸರಲ್ಲೇ ‘ಮಕ್ಕಳು’ ಇದ್ದಾರೆ, ಮೂಳೆಗಳೂ ಅದರೊಳಗೇ ಇವೆ. ಗ್ರಂಥಾಲಯದಲ್ಲಿ ‘ಹೇಜಲ್ ವುಡ್’ ಸಿಕ್ಕರೆ ಆ ಎರಡು ಕಥೆ ಓದಿ, ಪುಸ್ತಕ ವಾಪಸು ಕೊಟ್ಟುಬಿಡಿ.