ಮೊದಲು ವಿಷದ ಕಾಯಿ, ಆಮೇಲೆ ನೇರಳೆ ಹಣ್ಣು



ಮಾರ್ಚ್‌ನ ಒಂದು ಶುಕ್ರವಾರ. ಅಬು ಹಲೀಫಾದ ನಮ್ಮ ಬಿಲ್ಡಿಂಗ್ ಹಿಂದಿನ ಮರದಡಿ ಬಿದ್ದಿದ್ದ ಹಣ್ಣೊಂದನ್ನು ಏಳು ವರ್ಷದ ಮಗಳು ಬಾಯಿಗಿಡುವುದರಲ್ಲಿದ್ದಳು. ನನ್ನ ಎದೆ ಧಸಕ್ಕೆಂದಿತು! ಹತ್ತಿರದಲ್ಲಿದ್ದ ಹಾರಿಸ್ ನಕ್ಕು ತಾನೇ ಒಂದನ್ನು ಒರೆಸಿ ತಿಂದ. ಅದು ಸಿದ್ರ್ ಮರ, ಇಲ್ಲಿನವರ ಕನಾರ್ ಹಣ್ಣು. ನಮ್ಮ ಬೋರೆಹಣ್ಣಿನ ನೆಂಟ. ಆದರೆ ನಾಲ್ಕು ಹೆಜ್ಜೆ ಆಚೆಗೆ ಕಣಗಿಲೆ ಗಿಡವೂ ಇತ್ತು. ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಮಗಳಿಗೆ ಈ ವ್ಯತ್ಯಾಸ ಗೊತ್ತೇ ಇರಲಿಲ್ಲ. ತಪ್ಪು ಅವಳದಲ್ಲ, ಕಲಿಸದ ನನ್ನದು.

ಪುತ್ತೂರು ಕಡೆಯ ಗುಡ್ಡೆಗಳಲ್ಲಿ ಕುಂಟಾಲ, ಕೇಪಳ, ಕರಂಡೆ ತಿಂದು ಬೆಳೆದವನು ನಾನು. ನಮಗೆ ಕಲಿಸಿದವರು ಶಾಲೆಗೆ ಜೊತೆಯಲ್ಲಿ ನಡೆಯುತ್ತಿದ್ದ ಅಕ್ಕ, ಅಣ್ಣಂದಿರು. ನಮ್ಮ ಮಕ್ಕಳು ಊರಿಗೆ ಹೋಗುವುದು ಜೂನ್, ಜುಲೈನಲ್ಲಿ, ಎರಡು ವಾರದ ಅತಿಥಿಗಳಾಗಿ. ಆಗ ಮಳೆ, ನೇರಳೆ, ಅಲ್ಲಲ್ಲಿ ಉಳಿದ ಕರಂಡೆ. ಜೊತೆಗೆ ನಡೆಯುವ ಅಕ್ಕ ಇಲ್ಲ, ಕೈಯಲ್ಲಿ ಫೋನ್ ಇದೆ!

"ಹಕ್ಕಿ ತಿಂದರೆ ನಾವೂ ತಿನ್ನಬಹುದು" ಎನ್ನುವವರಿದ್ದಾರೆ. ಸುಳ್ಳು. ಕಿತ್ತಳೆಯಂತೆ ಹೊಳೆಯುವ ಕಾಸರಕದ ಹಣ್ಣನ್ನು ಮಂಗಟ್ಟೆ ಹಕ್ಕಿ ತಿನ್ನುತ್ತದೆ. ಅದರ ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ. "ಹಾಲು ಬಂದರೆ ವಿಷ" ಎಂಬುದೂ ನಿಯಮವಲ್ಲ. ಕರಂಡೆ ಕಿತ್ತರೆ ಬಿಳಿ ಹಾಲು ಸುರಿಯುತ್ತದೆ, ಆದರೂ ನಾವು ಉಪ್ಪಿನಕಾಯಿ ಹಾಕುತ್ತೇವೆ. ಚಿನ್ನ ತೂಗುತ್ತಿದ್ದ ಮುದ್ದಾದ ಗುಲಗಂಜಿಯಲ್ಲಿ ಅಬ್ರಿನ್ ಇದೆ. ಇಡಿಯಾಗಿ ನುಂಗಿದರೆ ಅದರ ಗಟ್ಟಿ ಸಿಪ್ಪೆ ಎಷ್ಟೋ ಸಲ ಕಾಪಾಡೀತು. ಅಗಿದರೆ ಒಂದೆರಡು ಬೀಜವೂ ಮಗುವಿನ ಪ್ರಾಣಕ್ಕೆ ಅಪಾಯ. ಅದಕ್ಕೆ ಪ್ರತಿವಿಷವಿಲ್ಲ.

ನಾನು ಸಾಫ್ಟ್‌ವೇರ್ ಬರೆಯುವವನು. ಗಿಡ ಗುರುತಿಸುವ ಆಪ್ ನನಗೂ ಇಷ್ಟ, ಹೆಸರು ಊಹಿಸಲು. ಆದರೆ ಅದರ ಮಾತು ನಂಬಿ ಬಾಯಿಗೆ ಹಾಕಬಾರದು. ಪರದೆಯ ಮೇಲಿನ ತಪ್ಪನ್ನು ಅಳಿಸಬಹುದು, ಹೊಟ್ಟೆಗಿಳಿದದ್ದನ್ನು ಅಳಿಸಲಾಗದು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಮಕ್ಕಳಿಗೆ ಮೊದಲು ತೋರಿಸಬೇಕಾದದ್ದು ನೇರಳೆಯಲ್ಲ, ಗುಲಗಂಜಿ, ಕಾಸರಕ, ಕಣಗಿಲೆ. ಆಮೇಲೆ ಒಂದೊಂದೇ ತಿನ್ನುವ ಹಣ್ಣು. ಹಣ್ಣನ್ನಷ್ಟೇ ಅಲ್ಲ, ಎಲೆ, ಮುಳ್ಳು, ತೊಗಟೆ, ಗೊಂಚಲು ಎಲ್ಲ ನೋಡಿಸಿ. ಅದೇ ಊರಲ್ಲಿ ಅದೇ ಮರದ ಹಣ್ಣು ತಿಂದು ಬೆಳೆದ ಹಿರಿಯರು "ಹೌದು" ಅಂದರೆ ಮಾತ್ರ ಬಾಯಿಗೆ. ಸ್ವಲ್ಪ ಅನುಮಾನ ಬಂದರೂ ಬೇಡ.

ಅಕಸ್ಮಾತ್ ತಿಂದೇಬಿಟ್ಟರೆ? ವಾಂತಿ ಮಾಡಿಸಬೇಡಿ. ಉಳಿದ ಹಣ್ಣು, ಎಲೆಯ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಿ. ಮಗು ಆಡುತ್ತಿದೆಯಲ್ಲ ಎಂದು ಕಾಯಬೇಡಿ, ಗುಲಗಂಜಿ ವಿಷದ ಲಕ್ಷಣ ಕಾಣಲು ಗಂಟೆಗಳೇ ಬೇಕಾಗಬಹುದು. ತುರ್ತು ಸಂಖ್ಯೆ ಕುವೈತಿನಲ್ಲೂ ಭಾರತದಲ್ಲೂ 112.

ಈ ರಜೆಯಲ್ಲಿ ನನ್ನ ಅಮ್ಮನಿಗೆ ಒಂದು ಕೆಲಸ ಒಪ್ಪಿಸಿದ್ದೇನೆ: ದಿನಕ್ಕೊಂದು ಗಿಡ, ಮೊಮ್ಮಗಳ ಕೈಹಿಡಿದು. ನಿಮ್ಮ ಊರಲ್ಲೂ ಅಂಥ ಒಬ್ಬರು ಇದ್ದೇ ಇರುತ್ತಾರೆ. ಅವರು ಇರುವಾಗಲೇ ಕೇಳಿಕೊಳ್ಳೋಣ.

ಇಂತಿ ನಿಮ್ಮವ,
ಅಬು ಹಲೀಫಾದ ಒಬ್ಬ ಸದಸ್ಯ